ಹಾರ್ಡ್‌ಟೇಲ್ ಸೈಕಲ್ಲಿನಲ್ಲಿ ಗುಡ್ಡ ಇಳಿಯುವುದು: ಹಿಂಚಕ್ರದಿಂದ ಶುರು ಮಾಡಿ

ಮುಂದೆ ಸಸ್ಪೆನ್ಷನ್ ಫೋರ್ಕ್ ಇದೆ, ಹಿಂದೆ ಏನೂ ಇಲ್ಲ. ಹಿಂಚಕ್ರ ನೇರವಾಗಿ ಫ್ರೇಮಿಗೇ ಕೂತಿದೆ. ಅದು ಹಾರ್ಡ್‌ಟೇಲ್. ನಮ್ಮ ಅಂಗಡಿಗಳಲ್ಲಿ ಎಂಟಿಬಿ (ಮೌಂಟನ್ ಬೈಕ್) ಎಂದು ಮಾರುವ ಸೈಕಲ್ಲುಗಳಲ್ಲಿ ಬಹುಪಾಲು ಇವೇ. ಗುಡ್ಡ ಇಳಿಯಲು ಇದು ಸಾಲದು, ಹಿಂದೆಯೂ ಸಸ್ಪೆನ್ಷನ್ ಇರುವ ದುಬಾರಿ ಸೈಕಲ್ಲೇ ಬೇಕು ಎಂಬ ಮಾತು ನಂಬಿ ಕೂರಬೇಡಿ. 1976ರಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಮಣ್ಣುದಾರಿಯೊಂದರಲ್ಲಿ ಇಳಿಜಾರು ಪಂದ್ಯ ಶುರು ಮಾಡಿದವರ ಸೈಕಲ್ಲುಗಳಿಗೆ ಮುಂದೆಯೂ ಸಸ್ಪೆನ್ಷನ್ ಇರಲಿಲ್ಲ.

ಆದರೆ ಹಾರ್ಡ್‌ಟೇಲಿನ ಲೆಕ್ಕವೇ ಬೇರೆ. ಫುಲ್ ಸಸ್ಪೆನ್ಷನ್ನಿನವರು ಕಣ್ಣುಮುಚ್ಚಿ ನುಗ್ಗುವ ಕಲ್ಲುರಾಶಿಗೆ ನೀವೂ ಅದೇ ವೇಗದಲ್ಲಿ ನುಗ್ಗಿದರೆ ಹಿಂದಿನ ರಿಮ್ಮು ತಗ್ಗುಬೀಳುತ್ತದೆ, ಇಲ್ಲವೇ ಟ್ಯೂಬು ಸೀಳುತ್ತದೆ. ಹಾರ್ಡ್‌ಟೇಲಿನ ಇಳಿತದಲ್ಲಿ ಕೆಡುವುದು ಹೆಚ್ಚಾಗಿ ಹಿಂಚಕ್ರವೇ. ಹಾಗಾಗಿ ಹಣ, ಸಮಯ, ಗಮನ ಮೂರೂ ಮೊದಲು ಅಲ್ಲಿಗೇ ಹೋಗಲಿ. ಹೊಳೆಯುವ ಫೋರ್ಕು ಆಮೇಲೆ.

ಫ್ರೇಮಿನ ಮೇಲಿನ ಅಂಕಿ ನೋಡಿ

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಪೆಡಲಿನ ಅಕ್ಷದ ಹತ್ತಿರ, ಇಲ್ಲವೇ ಸೀಟಿನ ಕೊಳವೆಯ ಮೇಲೆ ಹುಡುಕಿ. ಹಲವು ಕಂಪನಿಗಳು 1ರಿಂದ 5ರವರೆಗಿನ ಒಂದು ಅಂಕಿಯ ಸ್ಟಿಕ್ಕರ್ ಅಂಟಿಸಿರುತ್ತವೆ. ಅಲ್ಲಿ ಇಲ್ಲದಿದ್ದರೆ ಜೊತೆಗೆ ಕೊಟ್ಟ ಪುಸ್ತಿಕೆಯಲ್ಲಿರುತ್ತದೆ. ಇದು ಎಎಸ್‌ಟಿಎಂ ಎಂಬ ಮಾನಕ ಸಂಸ್ಥೆಯ ವರ್ಗೀಕರಣ. 2 ಎಂದರೆ ಕಚ್ಚಾರಸ್ತೆ, ಸುಮಾರು 15 ಸೆಂ.ಮೀ. ಜಿಗಿತದವರೆಗೆ. 3 ಎಂದರೆ ಒರಟು ಕಾಲುದಾರಿ, ಸುಮಾರು 60 ಸೆಂ.ಮೀ. 4 ಎಂದರೆ ಸುಮಾರು 120 ಸೆಂ.ಮೀ. 5 ಅಪ್ಪಟ ಡೌನ್‌ಹಿಲ್‌ಗೆ. ನಿಮ್ಮದು 2 ಆಗಿದ್ದರೆ ಈ ಲೇಖನದ ಸವಾರಿ ಭಾಗವನ್ನು ಸಣ್ಣ ಇಳಿಜಾರಿನಲ್ಲಿ ಅಭ್ಯಾಸ ಮಾಡಿ, ಚಕ್ರ ನೆಲ ಬಿಡುವ ಆಟ ಬೇಡ. 3 ಇದ್ದರೆ ಹೆಚ್ಚಿನ ಗುಡ್ಡದ ದಾರಿಗಳು ನಿಮಗೆ ತೆರೆದಿವೆ.

ಉದ್ದನೆಯ ಫೋರ್ಕು ಹಾಕಿಸಿಕೊಳ್ಳುವ ಆಸೆ ಎಲ್ಲರಿಗೂ ಬರುತ್ತದೆ. 100 ಮಿ.ಮೀ. ಒಳಹೋಗುವ ಫೋರ್ಕಿಗೆ ಮಾಡಿದ ಫ್ರೇಮಿಗೆ 140ರದ್ದನ್ನು ತೊಡಿಸಿದರೆ ಸನ್ನೆಕೋಲಿನ ಹಾಗೆ ಅದು ಹೆಡ್ ಟ್ಯೂಬಿನ (ಫೋರ್ಕು ಕೂರುವ ಫ್ರೇಮಿನ ಮುಂದಿನ ಕೊಳವೆ) ಬೆಸುಗೆಯನ್ನು ಮೀಟುತ್ತದೆ. ಮೂಲಕ್ಕಿಂತ 20 ಮಿ.ಮೀ. ಹೆಚ್ಚು, ಅದೂ ಫ್ರೇಮು ಮಾಡಿದವರು ಒಪ್ಪಿದ್ದರೆ ಮಾತ್ರ. ಅಷ್ಟಕ್ಕೇ ಹೆಡ್ ಆ್ಯಂಗಲ್, ಅಂದರೆ ಆ ಕೊಳವೆಯ ಓರೆ, ಸುಮಾರು ಒಂದು ಡಿಗ್ರಿ ಹಿಂದಕ್ಕೆ ವಾಲಿ, ಇಳಿತದಲ್ಲಿ ಮುಂಚಕ್ರ ಸಾಕಷ್ಟು ಸ್ಥಿರವಾಗುತ್ತದೆ.

ಟೈರು ಮತ್ತು ಗಾಳಿ

ಹಿಂದೆ ಸಸ್ಪೆನ್ಷನ್ ಇಲ್ಲ ಎಂದೆವು. ಪೂರ್ತಿ ನಿಜವಲ್ಲ: ಟೈರಿನ ಗಾಳಿ ಇದೆ, ನಿಮ್ಮ ಮಂಡಿಗಳಿವೆ. ಹಿಂಚಕ್ರದ ಸಸ್ಪೆನ್ಷನ್ ಈ ಎರಡೇ. ಆದ್ದರಿಂದಲೇ ಅಲ್ಯುಮಿನಿಯಂ ಒಳ್ಳೆಯದೋ ಕ್ರೋಮೊಲಿ ಉಕ್ಕು ಒಳ್ಳೆಯದೋ ಎಂಬ ಚರ್ಚೆಗಿಂತ ಹಿಂದಿನ ಟೈರಿನಲ್ಲಿ 2 ಪಿಎಸ್‌ಐ ಹೆಚ್ಚೋ ಕಡಿಮೆಯೋ ಎಂಬುದು ನಿಮ್ಮ ಬೆನ್ನಿಗೆ ಹೆಚ್ಚು ಗೊತ್ತಾಗುತ್ತದೆ.

ಅಗಲ 2.4 ಇಂಚಿನದು ಒಳ್ಳೆಯ ಆಯ್ಕೆ. ಹಿಂದೆ 2.6 ಹಿಡಿಸುವುದಾದರೆ ಇನ್ನೂ ಒಳ್ಳೆಯದು. ಆದರೆ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿ ಕನಿಷ್ಠ 6 ಮಿ.ಮೀ. ಜಾಗ ಉಳಿಯಬೇಕು. ಕೆಸರು ತುಂಬಿದರೆ ಪೇಂಟನ್ನೇ ಉಜ್ಜಿ ತೆಗೆಯುತ್ತದೆ. ಮುಂದಿನ ಟೈರಿಗೆ ಮಾಮೂಲು ದಪ್ಪದ ಕೇಸಿಂಗ್ (ಟೈರಿನ ಬಟ್ಟೆಪದರ) ಸಾಕು. ಹಿಂದಿನದಕ್ಕೆ ಅದಕ್ಕಿಂತ ಗಟ್ಟಿ ಕೇಸಿಂಗ್ ಹಾಕಿ: ಮ್ಯಾಕ್ಸಿಸ್‌ನಲ್ಲಾದರೆ ಮುಂದೆ ಎಕ್ಸೋ, ಹಿಂದೆ ಡಬಲ್‌ಡೌನ್, ಶ್ವಾಲ್ಬೆಯಲ್ಲಾದರೆ ಮುಂದೆ ಸೂಪರ್ ಟ್ರೇಲ್, ಹಿಂದೆ ಸೂಪರ್ ಗ್ರಾವಿಟಿ. ಹಿಂದೆ ತೂಕ ಹೆಚ್ಚುತ್ತದೆ, ಹತ್ತುವಾಗ ತಿಳಿಯುತ್ತದೆ. ಆದರೂ ಇಲ್ಲಿ ಉಳಿತಾಯ ಮಾಡಬೇಡಿ.

70 ಕೆ.ಜಿ. ತೂಗುವವರಿಗೆ 2.4 ಇಂಚಿನ ಟೈರಿನಲ್ಲಿ ಹೀಗೆ ಶುರು ಮಾಡಬಹುದು. ಟ್ಯೂಬಿದ್ದರೆ ಮುಂದೆ 27, ಹಿಂದೆ 32 ಪಿಎಸ್‌ಐ. ಟ್ಯೂಬ್‌ಲೆಸ್ ಆದರೆ ಮುಂದೆ 22, ಹಿಂದೆ 26. ಟ್ಯೂಬ್‌ಲೆಸ್ ಜೊತೆಗೆ ಹಿಂದೆ ಫೋಮ್ ಇನ್ಸರ್ಟ್ (ಟೈರಿನೊಳಗೆ ಸುತ್ತುವ ಫೋಮಿನ ಉಂಗುರ) ಹಾಕಿದ್ದರೆ ಹಿಂದೆ 23. ಪ್ರತಿ ಐದು ಕೆ.ಜಿ. ತೂಕಕ್ಕೆ ಒಂದು ಪಿಎಸ್‌ಐ ಕೂಡಿಸಿ ಇಲ್ಲವೇ ಕಳೆಯಿರಿ. ಹೆಬ್ಬೆರಳಿನಿಂದ ಒತ್ತಿ ನೋಡುವುದು ಈ ಕೆಲಸಕ್ಕೆ ಆಗದು. ಒಂದು ಡಿಜಿಟಲ್ ಗೇಜು ಕೊಳ್ಳಿ, ಪ್ರತಿ ಸಲವೂ ಅದೇ ಗೇಜಿನಲ್ಲಿ ನೋಡಿ. ಎರಡು ಗೇಜುಗಳ ನಡುವೆಯೇ ಎರಡು ಪಿಎಸ್‌ಐ ವ್ಯತ್ಯಾಸ ಇರುವುದುಂಟು.

ಮೊದಲ ಇಳಿತದಲ್ಲಿ ಕಿವಿ ಹಿಂದಕ್ಕಿರಲಿ. ಕಲ್ಲಿಗೆ ರಿಮ್ಮು ಬಡಿದರೆ ‘ಠಣ್’ ಎಂಬ ಲೋಹದ ಸದ್ದು ಬರುತ್ತದೆ, ಟೈರಿನ ‘ಧಪ್’ ಅಲ್ಲ. ಇಡೀ ಇಳಿತಕ್ಕೆ ಒಂದು ಸಲ ಕೇಳಿದರೆ ಇರಲಿ. ಎರಡು ಮೂರು ಸಲ ಕೇಳಿದರೆ ಹಿಂದಕ್ಕೆ 2 ಪಿಎಸ್‌ಐ ಕೂಡಿಸಿ. ಒಮ್ಮೆಯೂ ಕೇಳದೆ, ಚಿಕ್ಕ ಬೇರುಗಳ ಮೇಲೂ ಹಿಂಚಕ್ರ ಚೆಂಡಿನಂತೆ ಪುಟಿಯುತ್ತಿದ್ದರೆ ಒಂದು ಕಳೆಯಿರಿ. ಮೂಲೆ ತಿರುಗುವಾಗ ಟೈರು ಪಕ್ಕಕ್ಕೆ ಮಡಚಿದಂತೆ ಅನ್ನಿಸಿದರೆ ಗಾಳಿ ಕಡಿಮೆಯಾಗಿದೆ ಎಂದೇ ಅರ್ಥ.

ಪಂಕ್ಚರ್ ಆದ ಟ್ಯೂಬನ್ನು ಎಸೆಯುವ ಮುಂಚೆ ಗಾಳಿ ತುಂಬಿ ನೀರಿನಲ್ಲಿ ಅದ್ದಿ ನೋಡಿ. ಒಂದೇ ತೂತು, ಅದೂ ಹೊರಮೈಯಲ್ಲಿ ಇದ್ದರೆ ಮುಳ್ಳು. ಪಕ್ಕಪಕ್ಕದಲ್ಲಿ, ಹಾವು ಕಚ್ಚಿದಂತೆ ಎರಡು ಸೀಳು ಇದ್ದರೆ ಟ್ಯೂಬು ಕಲ್ಲಿಗೂ ರಿಮ್ಮಿನ ಎರಡು ಅಂಚುಗಳಿಗೂ ನಡುವೆ ಸಿಕ್ಕಿ ಕತ್ತರಿಸಿದೆ. ಮೊದಲನೆಯದಕ್ಕೆ ಪ್ಯಾಚು ಮದ್ದು, ಎರಡನೆಯದಕ್ಕೆ ಗಾಳಿ ಹೆಚ್ಚಿಸುವುದೇ ಮದ್ದು. ಎಷ್ಟು ಪ್ಯಾಚು ಹಾಕಿದರೂ ಅದು ಮತ್ತೆ ಸೀಳುತ್ತದೆ.

ಬಯಲುಸೀಮೆಯ ಗುಡ್ಡಗಳಲ್ಲಿ ಟ್ಯೂಬ್‌ಲೆಸ್ ಮಾಡಿಸಿಕೊಳ್ಳಲು ಇನ್ನೊಂದು ಕಾರಣ ಬಳ್ಳಾರಿ ಜಾಲಿ. ಅದರ ಮುಳ್ಳು ಎಂಥ ಟೈರನ್ನೂ ದಾಟುತ್ತದೆ. ಟ್ಯೂಬ್‌ಲೆಸ್ಸಿನ ಸೀಲೆಂಟ್ ದ್ರವ ಅಂಥ ಚಿಕ್ಕ ತೂತನ್ನು ತಾನೇ ಮುಚ್ಚುತ್ತದೆ. 29 ಇಂಚಿನ 2.4 ಟೈರಿಗೆ 100ರಿಂದ 120 ಮಿ.ಲೀ. ಹಾಕಿ. ನಮ್ಮ ಬಿಸಿಲಿಗೆ ಅದು ಬೇಗ ಒಣಗಿ ಹಾಲಿನ ಕೆನೆಯಂತೆ ಟೈರಿನೊಳಗೆ ಅಂಟಿಕೊಳ್ಳುತ್ತದೆ. ಎರಡು ತಿಂಗಳಿಗೊಮ್ಮೆ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿ. ಕುಲುಕುವ ಸದ್ದು ಇಲ್ಲದಿದ್ದರೆ 60 ಮಿ.ಲೀ. ಸುರಿಯಿರಿ. ರಿಮ್ಮು ಟ್ಯೂಬ್‌ಲೆಸ್‌ಗೆ ಮಾಡಿದ್ದಲ್ಲದಿದ್ದರೆ ಟೇಪು ಸುತ್ತಿ ಸಾಹಸ ಮಾಡುವುದು ಬೇಡ. ಮೂಲೆಯಲ್ಲಿ ಟೈರಿನ ಅಂಚು ರಿಮ್ಮಿನಿಂದ ಕಳಚಿ ಗಾಳಿಯೆಲ್ಲ ಒಮ್ಮೆಗೇ ಹೋಗಿಬಿಡುತ್ತದೆ. ಅಂಥ ರಿಮ್ಮಿಗೆ ಟ್ಯೂಬು ಮತ್ತು 3 ಪಿಎಸ್‌ಐ ಹೆಚ್ಚು ಗಾಳಿಯೇ ಕ್ಷೇಮ.

ಫೋರ್ಕು: ತುಸು ಗಟ್ಟಿಯಾಗಿಯೇ ಇರಲಿ

ಫುಲ್ ಸಸ್ಪೆನ್ಷನ್ ಸೈಕಲ್ಲು ನಿಮ್ಮ ಭಾರಕ್ಕೆ ಮುಂದೆಯೂ ಹಿಂದೆಯೂ ಒಟ್ಟಿಗೆ ಕುಸಿಯುತ್ತದೆ. ಹಾರ್ಡ್‌ಟೇಲ್ ಮುಂದೆ ಮಾತ್ರ ಕುಸಿಯುತ್ತದೆ. ಫೋರ್ಕು ಒಳಹೋದಷ್ಟೂ ಹೆಡ್ ಆ್ಯಂಗಲ್ ಕಡಿದಾಗುತ್ತದೆ, ನಿಮ್ಮ ಭಾರ ಮುಂದಕ್ಕೆ ಜಾರುತ್ತದೆ. ಕಡಿದಾದ ಇಳಿಜಾರಿನಲ್ಲಿ ಮುಂದಿನ ಬ್ರೇಕು ಹಿಡಿದಾಗ ತಲೆಕೆಳಗಾಗುವ ಭಯ ಬರುವುದು ಇದರಿಂದ. ಹಾಗಾಗಿ ಸ್ಯಾಗ್ ಅನ್ನು, ಅಂದರೆ ನಿಮ್ಮ ಭಾರಕ್ಕೇ ಫೋರ್ಕು ಕುಸಿಯುವ ಪ್ರಮಾಣವನ್ನು, 15ರಿಂದ 20 ಪ್ರತಿಶತದೊಳಗೆ ಇಡಿ. 120 ಮಿ.ಮೀ. ಫೋರ್ಕಿಗೆ ಅದು 18ರಿಂದ 24 ಮಿ.ಮೀ. ಅಳೆಯುವ ಕ್ರಮ ಹೀಗೆ:

1. ಫೋರ್ಕನ್ನು ಕುಸಿಯದಂತೆ ಬಿಗಿಯುವ ಲಾಕ್‌ಔಟ್ ಪೂರ್ತಿ ತೆರೆಯಿರಿ. ಹೆಲ್ಮೆಟ್ಟು, ಬ್ಯಾಗು, ನೀರು ಎಲ್ಲ ಹೊತ್ತೇ ಅಳೆಯಬೇಕು.
2. ಒಳಕೊಳವೆಯ ರಬ್ಬರ್ ಉಂಗುರವನ್ನು ಸೀಲಿನವರೆಗೆ ತಳ್ಳಿ. ಉಂಗುರ ಇಲ್ಲದಿದ್ದರೆ ಒಂದು ಪ್ಲಾಸ್ಟಿಕ್ ಟೈ ಸಡಿಲವಾಗಿ ಕಟ್ಟಿ.
3. ಒಬ್ಬರಿಗೆ ಹಿಂಚಕ್ರ ಹಿಡಿದುಕೊಳ್ಳಲು ಹೇಳಿ. ಸೀಟಿನ ಮೇಲೆ ಕೂರದೆ, ಪೆಡಲುಗಳ ಮೇಲೆ ಇಳಿಜಾರಿನ ಭಂಗಿಯಲ್ಲಿ ನಿಲ್ಲಿ. ಕುಪ್ಪಳಿಸಬೇಡಿ.
4. ಮೆಲ್ಲಗೆ ಇಳಿದು ಉಂಗುರ ಎಷ್ಟು ಸರಿದಿದೆ ಎಂದು ಅಳೆಯಿರಿ. ಹೆಚ್ಚಿದ್ದರೆ ಫೋರ್ಕಿನ ಗಾಳಿಗೆ ಶಾಕ್ ಪಂಪಿನಿಂದ 5 ಪಿಎಸ್‌ಐ ಕೂಡಿಸಿ, ಮತ್ತೆ ಅಳೆಯಿರಿ.

ಕುಸಿದ ಫೋರ್ಕು ಮೇಲೇಳುವ ವೇಗವನ್ನು ಹೊಂದಿಸುವ ರಿಬೌಂಡ್ ತಿರುಪನ್ನು ಪೂರ್ತಿ ಮುಚ್ಚಿ, ಅಲ್ಲಿಂದ ಒಟ್ಟು ಕ್ಲಿಕ್ಕುಗಳಲ್ಲಿ ಅರ್ಧದಷ್ಟು ಬಿಚ್ಚಿ ಶುರು ಮಾಡಿ. ಸಾಲುಕಲ್ಲುಗಳ ಮೇಲೆ ಫೋರ್ಕು ಮೇಲೇಳದೆ ಒಳಗೇ ಉಳಿದು ಕೈ ಮರಗಟ್ಟಿದರೆ ರಿಬೌಂಡ್ ನಿಧಾನವಾಗಿದೆ, ಒಂದು ಕ್ಲಿಕ್ ಬಿಚ್ಚಿ. ಹ್ಯಾಂಡಲ್ ಮೇಲಕ್ಕೆ ಒದೆಯುತ್ತಿದ್ದರೆ ಒಂದು ಮುಚ್ಚಿ. ಕಡಿಮೆ ಬೆಲೆಯ ಕಾಯಿಲ್ (ಗಾಳಿಯ ಬದಲು ಸ್ಪ್ರಿಂಗ್ ಇರುವ) ಫೋರ್ಕುಗಳಲ್ಲಿ ಇದೊಂದೂ ಇರುವುದಿಲ್ಲ. ಅಲ್ಲಿ ವೇಗ ತಗ್ಗಿಸುವುದೊಂದೇ ದಾರಿ.

ಬ್ರೇಕು

1976ರ ಆ ಪಂದ್ಯದ ದಾರಿಗೆ ರಿಪ್ಯಾಕ್ ಎಂದು ಹೆಸರು ಬಂದದ್ದೇ ಬ್ರೇಕಿನಿಂದ. ಮೂರು ಕಿಲೋಮೀಟರಿಗಿಂತ ತುಸು ಹೆಚ್ಚಿನ ದೂರದಲ್ಲಿ ಸುಮಾರು 400 ಮೀಟರ್ ಇಳಿತ. ಹಿಂದಕ್ಕೆ ತುಳಿದು ಹಿಡಿಯುವ ಅವರ ಹಬ್ ಬ್ರೇಕು ಕಾದು ಒಳಗಿನ ಗ್ರೀಸೆಲ್ಲ ಹೊಗೆಯಾಗುತ್ತಿತ್ತು, ಮತ್ತೆ ಗ್ರೀಸು ತುಂಬಬೇಕಿತ್ತು, ಅದೇ ರಿಪ್ಯಾಕ್. ಡಿಸ್ಕು ಬಂದರೂ ಬಿಸಿಯ ಸಮಸ್ಯೆ ಹೋಗಿಲ್ಲ. 160 ಮಿ.ಮೀ. ಡಿಸ್ಕು ಇದ್ದರೆ ಮುಂದಿನದನ್ನು 180ಕ್ಕೆ ಏರಿಸಿ, ಫೋರ್ಕು ಎಷ್ಟರವರೆಗೆ ಒಪ್ಪುತ್ತದೆ ಎಂದು ನೋಡಿಕೊಂಡು. ಡಿಸ್ಕಿನ ಮೇಲೆ ‘ರೆಸಿನ್ ಪ್ಯಾಡ್ ಓನ್ಲಿ’ ಎಂದು ಅಚ್ಚೊತ್ತಿದ್ದರೆ ಅದಕ್ಕೆ ಮೆಟಲ್ ಪ್ಯಾಡು ಹಾಕಬಾರದು, ಡಿಸ್ಕನ್ನು ಬೇಗನೆ ತಿಂದುಹಾಕುತ್ತದೆ. ಶಿಮಾನೊ ಡಿಸ್ಕು ಹೊಸದರಲ್ಲಿ 1.8 ಮಿ.ಮೀ. ದಪ್ಪ, 1.5ಕ್ಕೆ ಸವೆದರೆ ಬದಲಿಸಬೇಕು. ಶಿಮಾನೊ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ. ಡಾಟ್ ಫ್ಲೂಯಿಡ್ ಬೆರೆತರೆ ಒಳಗಿನ ಸೀಲುಗಳು ಊದಿ ಬ್ರೇಕೇ ಹಾಳು.

ಹೊಸ ಪ್ಯಾಡು ಹಾಕಿದ ದಿನವೇ ಗುಡ್ಡಕ್ಕೆ ಹೋಗಬೇಡಿ. ಖಾಲಿ ರಸ್ತೆಯಲ್ಲಿ ಮಧ್ಯಮ ವೇಗದಿಂದ ನಡಿಗೆಯ ವೇಗದವರೆಗೆ ಇಪ್ಪತ್ತು ಸಲ, ತುಸು ಹೆಚ್ಚು ವೇಗದಿಂದ ಹತ್ತು ಸಲ ನಿಧಾನಿಸಿ. ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಲೂ ಬಾರದು. ಇದನ್ನು ಬಿಟ್ಟರೆ ಪ್ಯಾಡು ಕೀರಲುತ್ತದೆ, ಹಿಡಿತ ಬರುವುದಿಲ್ಲ.

ಲಿವರ್ ಅನ್ನು ತೋರುಬೆರಳೊಂದೇ ಅದರ ತುದಿಯ ಕೊಕ್ಕೆಯ ಮೇಲೆ ಕೂರುವಷ್ಟು ಒಳಕ್ಕೆ ಸರಿಸಿ. ಉಳಿದ ಬೆರಳುಗಳೆಲ್ಲ ಹ್ಯಾಂಡಲ್ ಹಿಡಿಯಲು. ಇನ್ನೊಂದು ವಿಷಯ, ವಿದೇಶದಲ್ಲಿರುವವರಿಗೆ: ಭಾರತದಲ್ಲಿ, ಬ್ರಿಟನ್ನಿನಲ್ಲಿ ಬಲಗೈ ಮುಂದಿನ ಬ್ರೇಕು. ಅಮೆರಿಕ, ಕೆನಡಾ ಮತ್ತು ಯುರೋಪಿನ ಬಹುಭಾಗದಲ್ಲಿ ಎಡಗೈ. ಕೆನಡಾದ ವಿಸ್ಲರಿನಂಥ ಬೈಕ್ ಪಾರ್ಕಿನಲ್ಲಿ ಬಾಡಿಗೆ ಸೈಕಲ್ಲು ಹತ್ತಿದ ಕೂಡಲೆ ನಿಂತಲ್ಲೇ ಒಂದೊಂದು ಲಿವರ್ ಒತ್ತಿ ಯಾವುದು ಯಾವ ಚಕ್ರ ಹಿಡಿಯುತ್ತದೆ ನೋಡಿಕೊಳ್ಳಿ. ಬೆಂಗಳೂರಿನ ಕೈ ಅಭ್ಯಾಸ ಅಲ್ಲಿ ಹಲ್ಲು ಮುರಿಸುತ್ತದೆ.

ಸೀಟು, ಹ್ಯಾಂಡಲ್, ಪೆಡಲು

ಇಳಿಯುವ ಮುಂಚೆ ಸೀಟು ಕೆಳಗಿಳಿಯಬೇಕು, ಇದರಲ್ಲಿ ರಿಯಾಯಿತಿ ಇಲ್ಲ. ಡ್ರಾಪರ್ ಪೋಸ್ಟ್ (ಲಿವರ್ ಒತ್ತಿದರೆ ಇಳಿಯುವ ಸೀಟಿನ ಕಂಬ) ಇದ್ದರೆ 150 ಮಿ.ಮೀ. ಇಳಿಯುವಂಥದ್ದು ಸಾಕು. ಇಲ್ಲದಿದ್ದರೆ ಹತ್ತುವ ಎತ್ತರಕ್ಕೆ ಪೋಸ್ಟಿನ ಮೇಲೆ ಟೇಪಿನ ಗುರುತು ಹಾಕಿ, ಕ್ಲಾಂಪು ಸಡಿಲಿಸಿ 10-12 ಸೆಂ.ಮೀ. ಇಳಿಸಿ. ಪೋಸ್ಟು ಕೆಳಗೆ ಹೋಗದೆ ಸಿಕ್ಕಿಕೊಂಡರೆ ಬಾಟಲಿ ಹಿಡಿಕೆಯ ಬೋಲ್ಟು ಕೊಳವೆಯೊಳಗೆ ಚಾಚಿದೆಯೇ ನೋಡಿ, ಗಿಡ್ಡ ಬೋಲ್ಟು ಹಾಕಿ. ಬಾಟಲಿಯನ್ನೂ ತೆಗೆದು ಸೊಂಟದ ಚೀಲದಲ್ಲಿಡಿ. ಮೊದಲ ಕಲ್ಲಿಗೇ ಹಾರಿ ಹಿಂದಿನವರ ಚಕ್ರದಡಿ ಬೀಳುತ್ತದೆ.

ಹಳೆಯ ಮಾದರಿಯ 80-90 ಮಿ.ಮೀ. ಸ್ಟೆಮ್ (ಹ್ಯಾಂಡಲನ್ನು ಫೋರ್ಕಿಗೆ ಜೋಡಿಸುವ ತುಂಡು) ಇದ್ದರೆ 50 ಅಥವಾ ಅದಕ್ಕಿಂತ ಗಿಡ್ಡದ್ದು, ಜೊತೆಗೆ 760 ಮಿ.ಮೀ. ಅಗಲದ ಹ್ಯಾಂಡಲ್. ಎರಡನ್ನೂ ಒಟ್ಟಿಗೇ ಬದಲಿಸಿ. ಪೆಡಲು ಚಪ್ಪಟೆಯದು, ಮೇಲೆ ಮೊಳೆಪಿನ್ನುಗಳಿರುವಂಥದ್ದು. ಶೂ ಅಡಿ ಮೆದುವಾದ, ಸಪಾಟಾದ ರಬ್ಬರ್. ಓಡುವ ಶೂ ಪಿನ್ನಿಗೆ ಹಿಡಿಯುವುದಿಲ್ಲ, ಜಾರಿದ ಪೆಡಲು ಮೊಣಕಾಲಿನ ಕೆಳಗಿನ ಮೂಳೆಗೇ ಬಂದು ಬಡಿಯುತ್ತದೆ. ಮುಖ ಮುಚ್ಚುವ ಹೆಲ್ಮೆಟ್ಟು, ಮಂಡಿಕವಚ, ಕೈಗವಸು ಮೂರೂ ಬೇಕು. ಒಮ್ಮೆ ಬಲವಾಗಿ ಬಡಿದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮು ಕುಸಿದಿರುತ್ತದೆ, ಬದಲಿಸಿ.

ಇಳಿಯುವಾಗ

ಹೊಸ ದಾರಿಯನ್ನು ಮೊದಲು ನಡೆದು ನೋಡಿ. ಎಲ್ಲಿ ಬ್ರೇಕು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂಬುದು ಕಾಲ್ನಡಿಗೆಯಲ್ಲಿ ಕಾಣುವಷ್ಟು ಸೀಟಿನ ಮೇಲಿಂದ ಕಾಣುವುದಿಲ್ಲ.

ಭಂಗಿ: ಪೆಡಲುಗಳೆರಡೂ ಒಂದೇ ಮಟ್ಟದಲ್ಲಿ, ಹಿಮ್ಮಡಿ ಕೆಳಕ್ಕೆ, ಮಂಡಿ ಮಡಚಿ, ಸೊಂಟದಿಂದ ಬಾಗಿ, ಮೊಣಕೈ ಹೊರಕ್ಕೆ, ಗಲ್ಲ ಸ್ಟೆಮ್ಮಿನ ನೇರಕ್ಕೆ. ಇಡೀ ಭಾರ ಪಾದದ ಮೇಲೆ. ಅಂಗೈ ಎಷ್ಟು ಹಗುರವಾಗಿರಬೇಕೆಂದರೆ ಬೆರಳು ಬಿಡಿಸಿದರೂ ನೀವು ಮುಂದಕ್ಕೆ ಮುಗ್ಗರಿಸಬಾರದು. ಹೆದರಿಕೆ ಹೆಚ್ಚಾದಂತೆ ಸೊಂಟ ಹಿಂದಕ್ಕೆ, ಸೀಟಿನ ಆಚೆಗೆ ಜರುಗುತ್ತದೆ. ಇದೇ ಹೊಸಬರ ದೊಡ್ಡ ತಪ್ಪು. ಮುಂಚಕ್ರದ ಮೇಲಿನ ಭಾರ ಹೋಗಿ ಅದು ಮೂಲೆಯಲ್ಲಿ ಜಾರಿಬಿಡುತ್ತದೆ, ಹಿಂಚಕ್ರದ ಮೇಲೆ ಎಲ್ಲ ಭಾರ ಬಿದ್ದು ರಿಮ್ಮು ಕಲ್ಲಿಗೆ ಬಡಿಯುತ್ತದೆ. ಒಂದೇ ತಪ್ಪಿಗೆ ಎರಡು ಶಿಕ್ಷೆ.

ಬ್ರೇಕನ್ನು ಒರಟು ಜಾಗಕ್ಕೆ ಮುಂಚೆ ಹಿಡಿಯಿರಿ, ಒರಟು ಜಾಗದಲ್ಲಿ ಬಿಡಿ. ಲಾಕ್ ಆದ ಹಿಂಚಕ್ರ ಬೇರಿನ ಮೇಲೆ ಉರುಳುವುದಿಲ್ಲ. ಬೇರಿಗೆ ಸಿಕ್ಕಿ, ಪಕ್ಕಕ್ಕೆ ಜಾರಿ, ಸೈಕಲ್ಲನ್ನು ಅಡ್ಡ ಮಾಡುತ್ತದೆ. ತಿರುಗುವ ಚಕ್ರ ಅದೇ ಬೇರನ್ನು ದಾಟುತ್ತದೆ. ಅಷ್ಟು ವೇಗದಲ್ಲಿ ಬ್ರೇಕು ಬಿಡಲು ಧೈರ್ಯ ಬಾರದಿದ್ದರೆ ಆ ಜಾಗಕ್ಕೆ ಇನ್ನೂ ನಿಧಾನವಾಗಿ ಬರಬೇಕಿತ್ತು ಎಂದರ್ಥ.

ಹಿಂಚಕ್ರವನ್ನು ಹಗುರ ಮಾಡುವುದು ಹಾರ್ಡ್‌ಟೇಲಿನ ಮುಖ್ಯ ವಿದ್ಯೆ, ಅದನ್ನು ಮೈದಾನದಲ್ಲೇ ಕಲಿಯಬಹುದು. ನೆಲದ ಮೇಲೆ ಐದು ಸೆಂ.ಮೀ. ದಪ್ಪದ ಕೋಲು ಇಡಿ. ನಡಿಗೆಯ ವೇಗದಲ್ಲಿ ಬನ್ನಿ. ಮುಂಚಕ್ರ ಕೋಲು ಮುಟ್ಟುವ ಹೊತ್ತಿಗೆ ಕುಗ್ಗಿ ಮೇಲೆದ್ದು ಮುಂದನ್ನು ಎತ್ತಿ. ಅದು ದಾಟಿದ ಕೂಡಲೆ ಹ್ಯಾಂಡಲನ್ನು ಮುಂದಕ್ಕೆ ತಳ್ಳುತ್ತಾ ಮಂಡಿಗಳನ್ನು ಎದೆಯ ಕಡೆ ಎಳೆದುಕೊಳ್ಳಿ. ಹಿಂಚಕ್ರ ತಾನಾಗಿ ಏಳುತ್ತದೆ. ಹಿಂಚಕ್ರ ಕೋಲಿಗೆ ‘ಟಕ್’ ಎಂದು ಬಡಿದರೆ ಕಾಲು ಗಟ್ಟಿಯಾಗಿಯೇ ಇತ್ತು. ಇಪ್ಪತ್ತರಲ್ಲಿ ಹದಿನೈದು ಸಲ ಸದ್ದಿಲ್ಲದೆ ದಾಟುವವರೆಗೆ ಮಾಡಿ, ಆಮೇಲೆ ಗುಡ್ಡ. ಅಲ್ಲಿ ಪ್ರತಿ ಬೇರಿಗೂ ಎತ್ತಬೇಕಿಲ್ಲ; ಸಾಲು ಬೇರುಗಳ ಮೊದಲನೆಯದರ ಮುಂಚೆ ಒತ್ತಿ ಹಗುರಾದರೆ ಉಳಿದವುಗಳ ಮೇಲೆ ತೇಲಿ ಹೋಗಬಹುದು.

ಜಿಗಿತಕ್ಕೆ ಒಂದು ಮೆಟ್ಟಿಲಿನ ಎತ್ತರದಿಂದ ಶುರು. ತುದಿಯಲ್ಲಿ ಬ್ರೇಕು ಬೇಡ, ಮುಂಚಕ್ರ ಮೂಗು ಕುಟ್ಟಿದಂತೆ ಬೀಳುತ್ತದೆ. ಅಂಚು ದಾಟುವಾಗ ಹ್ಯಾಂಡಲನ್ನು ಮುಂದಕ್ಕೆ ತಳ್ಳಿ, ಎರಡೂ ಚಕ್ರ ಒಟ್ಟಿಗೆ ಇಳಿಯಲಿ, ನೆಲ ಮುಟ್ಟುವಾಗ ಕಾಲು ಬಹುತೇಕ ನೆಟ್ಟಗಿದ್ದು ಮುಟ್ಟಿದ ಮೇಲೆ ಮಡಚಲಿ. ಮೊದಲೇ ಮಡಚಿದ್ದರೆ ಮಡಚಲು ಏನೂ ಉಳಿದಿರುವುದಿಲ್ಲ. ಇಳಿಯುವ ಜಾಗ ಇಳಿಜಾರಾಗಿರಬೇಕು. ಸಪಾಟು ನೆಲಕ್ಕೆ 60 ಸೆಂ.ಮೀ.ಯಿಂದ ಬೀಳುವುದು ಹಾರ್ಡ್‌ಟೇಲಿನ ರಿಮ್ಮಿಗೂ ನಿಮ್ಮ ಹಿಮ್ಮಡಿಗೂ ಕೆಟ್ಟದ್ದು.

ನಮ್ಮ ನೆಲ

ಬೆಂಗಳೂರು, ಕೋಲಾರ, ತುಮಕೂರಿನ ಸುತ್ತಲ ಗುಡ್ಡಗಳಲ್ಲಿ ಗಟ್ಟಿ ನೆಲದ ಮೇಲೆ ಗರಸು ಹರಡಿರುತ್ತದೆ, ಗೋಲಿಗಳ ಮೇಲೆ ಓಡಿದ ಹಾಗೆ. ತಿರುವಿನಲ್ಲಿ ಬ್ರೇಕು ಮುಟ್ಟಬೇಡಿ. ಮೈ ನೆಟ್ಟಗಿಟ್ಟು ಸೈಕಲ್ಲನ್ನು ಮಾತ್ರ ವಾಲಿಸಿ, ಹೊರಗಿನ ಪಾದ ಕೆಳಗಿಟ್ಟು ಒತ್ತಿ. ಹಾಸುಬಂಡೆ ಒಣಗಿದ್ದಾಗ ಟೈರನ್ನು ಅಂಟಿನಂತೆ ಹಿಡಿಯುತ್ತದೆ, ಅಲ್ಲಿ ಮುಂದಿನ ಬ್ರೇಕನ್ನು ನಂಬಬಹುದು. ಮಳೆ ಬಿದ್ದು ಪಾಚಿ ಕಟ್ಟಿದ ಬಂಡೆ ಮಾತ್ರ ಸೋಪು. ನೇರವಾಗಿ ಇಳಿಯಿರಿ ಇಲ್ಲವೇ ಸೈಕಲ್ಲಿನಿಂದ ಇಳಿದು ತಳ್ಳಿ. ಮಲೆನಾಡು, ಕೊಡಗಿನ ತೋಟದ ದಾರಿಗಳಲ್ಲಿ ತರಗೆಲೆಯ ಅಡಿ ಏನಿದೆ ಕಾಣುವುದಿಲ್ಲ, ಒದ್ದೆ ಬೇರನ್ನು ಓರೆಯಾಗಿ ದಾಟಿದರೆ ಬಿದ್ದಿರಿ ಅಂತಲೇ ಲೆಕ್ಕ. ಚಕ್ರ ಬೇರಿಗೆ ಅಡ್ಡಲಾಗಿ, ನೇರವಾಗಿ ಸಾಗಲಿ. ಮೀಸಲು ಅರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ, ತೋಟಕ್ಕೆ ಮಾಲೀಕರ ಅನುಮತಿ ಇಲ್ಲದೆ ಹೋಗಬೇಡಿ. ಆನೆ ಓಡಾಡುವ ಕಡೆ ಸದ್ದಿಲ್ಲದೆ ವೇಗವಾಗಿ ತಿರುವಿಗೆ ಬರುವ ಸೈಕಲ್ಲು ಇಬ್ಬರಿಗೂ ಅಪಾಯ.

ಕಾಲು ನಡುಗಲು ಶುರುವಾದರೆ ಆ ದಿನಕ್ಕೆ ನಿಲ್ಲಿಸಿ. ಕಾಲೇ ಸಸ್ಪೆನ್ಷನ್ ಆಗಿರುವಾಗ ದಣಿದ ಕಾಲು ಎಂದರೆ ಕೆಟ್ಟ ಶಾಕ್ ಅಬ್ಸಾರ್ಬರ್.

ಮನೆಗೆ ಬಂದ ಮೇಲೆ

ಹಿಂಚಕ್ರ ತಿರುಗಿಸಿ ರಿಮ್ಮಿನ ಅಂಚಿನ ಮೇಲೆ ಉಗುರು ಆಡಿಸಿ. ಸಣ್ಣ ತಗ್ಗು ಬೆರಳಿಗೆ ಸಿಗುತ್ತದೆ, ಕಣ್ಣಿಗಲ್ಲ. ಸ್ಪೋಕುಗಳನ್ನು ಎರಡೆರಡಾಗಿ ಹಿಸುಕಿ ನೋಡಿ. ಒಂದು ಜೋಡಿ ಮೆತ್ತಗಿದ್ದರೆ ಬೆಂಡು ತೆಗೆಸಿ ಬಿಗಿ ಮಾಡಿಸಿ. ಹೊಸ ಚಕ್ರಕ್ಕೆ ಮೊದಲ ಮೂರು ನಾಲ್ಕು ಸವಾರಿಗಳ ನಂತರ ಇದು ಬೇಕೇ ಬೇಕು. ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಹ್ಯಾಂಡಲ್ ತಿರುಗುವ ಬೇರಿಂಗಾದ ಹೆಡ್‌ಸೆಟ್ಟಿನಲ್ಲಿ ‘ಕಟಕಟ’ ಇದ್ದರೆ ಬಿಗಿ ಮಾಡಿ. ಸ್ಟೆಮ್ ಬೋಲ್ಟುಗಳಿಗೆ ಹೆಚ್ಚಾಗಿ 5 ನ್ಯೂಟನ್ ಮೀಟರ್. ಅದರ ಮೇಲೆಯೇ ಬರೆದಿರುತ್ತದೆ.

ಕೊನೆಗೆ ಒದ್ದೆ ಬಿಳಿಬಟ್ಟೆಯಿಂದ ಹೆಡ್ ಟ್ಯೂಬಿನ ಕೆಳಗಿನ ಬೆಸುಗೆ, ಸೀಟಿನ ಕೊಳವೆಯ ಬುಡ, ಹಿಂಚಕ್ರದ ಎರಡೂ ಬದಿಯ ಬೆಸುಗೆಗಳನ್ನು ಒರೆಸಿ. ಒರೆಸಿದ ಮೇಲೂ ಪೇಂಟಿನಲ್ಲಿ ಕೂದಲೆಳೆಯಷ್ಟು ಕಪ್ಪು ಗೆರೆ ಉಳಿದರೆ, ಉಗುರಿಗೆ ಅದು ತೊಡರಿದರೆ, ಅದು ಬಿರುಕು. ಉಕ್ಕಿನ ಫ್ರೇಮಾದರೆ ಬಲ್ಲ ಬೆಸುಗೆಗಾರ ಸರಿಪಡಿಸಬಹುದು. ಅಲ್ಯುಮಿನಿಯಮ್ಮಿಗೆ ಶಾಖ ಕೊಟ್ಟು ಗಟ್ಟಿ ಮಾಡಿರುತ್ತಾರೆ, ಮತ್ತೆ ಬೆಸೆದರೆ ಆ ಬಲ ಹೋಗುತ್ತದೆ. ಅಂಥ ಫ್ರೇಮನ್ನು ಗುಡ್ಡಕ್ಕೆ ಒಯ್ಯಬೇಡಿ, ಇನ್ನೊಬ್ಬರಿಗೆ ಮಾರಲೂ ಬೇಡಿ.